ದೀಪದ ಹಿಂದೆ ನಿಂತವರು

ನಮ್ಮ ಲ್ಯಾಬಿನಲ್ಲಿ ಎಡ, ಬಲ ಅನ್ನುವ ಮಾತೇ ಇರಲಿಲ್ಲ. ಪ್ರದಕ್ಷಿಣೆ, ಅಪ್ರದಕ್ಷಿಣೆ ಅನ್ನುತ್ತಿದ್ದೆವು. ಕನ್ನಡದ ಗಂಧವೇ ಇಲ್ಲದ ಎಲೆಕ್ಟ್ರಿಷಿಯನ್ ಕೂಡ ಯಂತ್ರದ ಮುಂದೆ ನಿಂತು "ಪ್ರದಕ್ಷಿಣಮಾ, ಅಪ್ರದಕ್ಷಿಣಮಾ?" ಎಂದು ಕೇಳಿಯೇ ಸ್ವಿಚ್ಚಿಗೆ ಕೈ ಹಾಕುತ್ತಿದ್ದ. ಇದು ನಮ್ಮ ಗೈಡ್ ವಿಷ್ಣುತೀರ್ಥ ಸರ್ ಹಾಕಿಕೊಟ್ಟ ಪದ್ಧತಿ. ಅವರು ಹಾಕಿಕೊಟ್ಟದ್ದನ್ನು ಪ್ರಶ್ನೆ ಮಾಡುವವರು ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಹುಟ್ಟಿರಲಿಲ್ಲ.

ಯಂತ್ರದ ಕೆಲಸ ಏನೆಂದು ಹೇಳಿಬಿಡುತ್ತೇನೆ, ಹೆದರಬೇಡಿ. ಕೆಲವು ಅಣುಗಳು ಎರಡು ಕೈಗಳ ಹಾಗೆ ಜೋಡಿಯಾಗಿರುತ್ತವೆ. ಬೆರಳು ಅಷ್ಟೇ, ಅಂಗೈ ಅಷ್ಟೇ, ಆದರೆ ಒಂದರ ಮೇಲೊಂದು ಇಟ್ಟರೆ ಕೂರುವುದಿಲ್ಲ. ಅವುಗಳ ಮೇಲೆ ಬೆಳಕು ಬಿಟ್ಟರೆ ಅವೂ ತಿರುಗಿ ಬೆಳಗುತ್ತವೆ, ಮತ್ತೆ ಆ ಬೆಳಕು ಸುತ್ತಿಕೊಂಡು ಬರುತ್ತದೆ. ಒಂದು ಕೈಯ ಅಣುವಿನಿಂದ ಒಂದು ಸುತ್ತು ತುಸು ಹೆಚ್ಚು, ಇನ್ನೊಂದು ಕೈಯದರಿಂದ ಇನ್ನೊಂದು ಸುತ್ತು ತುಸು ಹೆಚ್ಚು. ಆ ತುಸುವನ್ನು ಅಳೆಯುವುದೇ ನಮ್ಮ ಯಂತ್ರದ ಕೆಲಸ. ಪ್ರದಕ್ಷಿಣೆ ಹೆಚ್ಚಾದರೆ ಕಂಪ್ಯೂಟರಿನಲ್ಲಿ ಗೆರೆ ಮೇಲೇಳುತ್ತದೆ, ಅಪ್ರದಕ್ಷಿಣೆ ಹೆಚ್ಚಾದರೆ ಕೆಳಗಿಳಿಯುತ್ತದೆ. ಇಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ದೀಪ, ನಡುಗುವ ಸ್ಫಟಿಕ, ಬೆಳಕು ಹಿಡಿಯುವ ಕೊಳವೆ ಎಲ್ಲವನ್ನೂ ಒಂದೊಂದಾಗಿ ಹೊಂದಿಸಿ ನಾನೂ ಸರ್ರೂ ಕೂಡಿ ಕಟ್ಟಿದ್ದು. ನನ್ನ ಥೀಸಿಸ್ ಪೂರ್ತಿ ಅದರ ಮೇಲೆಯೇ.

ನಾನು ಅಕ್ಷಯಾ. ವೆಸ್ಟ್ ಮಾಂಬಲಂನವಳು. ನಮ್ಮ ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದ ಮಾಧ್ವರು ನಾವು. ನನ್ನ ಕನ್ನಡದಲ್ಲಿ ಅರ್ಧ ತಮಿಳು ಎಂದು ಶಿವಿ ಆಡಿಕೊಳ್ಳುತ್ತಾಳೆ. ಶಿವಿ ಎಂದರೆ ಶಿವಲಿಂಗಮ್ಮ, ಮಳವಳ್ಳಿ ಕಡೆಯವಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಅವಳು ಅಣು ಕಟ್ಟುವವಳು, ನಾನು ಅಳೆಯುವವಳು. ವೇಲಚೇರಿಯ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು, ನೀರಿನ ಲಾರಿಗೆ ಕೊಡ ಹಿಡಿದು ನಿಂತು, ಆಮೇಲೆ ಬಸ್ಸು ಹಿಡಿದು ಬಂದರೂ ನಮಗಿಂತ ಮುಂಚೆ ಲ್ಯಾಬಿನಲ್ಲಿರುತ್ತಿದ್ದಳು. ಕಡುಗೆಂಪು ಬಣ್ಣದ ಒಂದು ಅಣು ಮಾಡಿದ್ದಳು, ಎರಡೂ ಕೈಯದು, ಬೇರೆ ಬೇರೆ ಬಾಟ್ಲಿಯಲ್ಲಿ. ಅಷ್ಟು ಜೋರಾಗಿ ಸುತ್ತುವ ಬೆಳಕನ್ನು ನಮ್ಮ ಯಂತ್ರ ಅದುವರೆಗೆ ಕಂಡಿರಲಿಲ್ಲ.

ಎರಡು ಸಾವಿರದ ಮೂರರ ಮೇ ತಿಂಗಳು, ಅವಳ ಥೀಸಿಸ್ ಓದಿದ ಪರೀಕ್ಷಕರ ವರದಿ ಬಂತು. ಇದೇ ಅಣುವನ್ನು ಹೊರದೇಶದವರೂ ಮಾಡಿ ಅಳೆದಿದ್ದಾರೆ, ನಿಮ್ಮದು ಅವರದಕ್ಕೆ ನೇರ ಉಲ್ಟಾ ಇದೆ, ನೀವು ಮೇಲೇಳುತ್ತದೆ ಅಂದ ಕಡೆ ಅಲ್ಲಿ ಇಳಿಯುತ್ತದೆ, ವಿದ್ಯಾರ್ಥಿನಿ ತನ್ನ ಎರಡು ಬಾಟ್ಲಿಗಳನ್ನು ಅದಲುಬದಲು ಮಾಡಿಕೊಂಡಿರಬೇಕು ಎಂದು ಅದರಲ್ಲಿತ್ತು. ಮುಂದಿನ ಬುಧವಾರ ಸಮಿತಿ ಕೂರುತ್ತದೆ, ಉತ್ತರ ಕೊಡಬೇಕು.

ಸರ್ ನಮ್ಮ ಗುಂಪಿನ ಮೀಟಿಂಗ್ ಕರೆದರು. ವರದಿಯನ್ನು ಮೇಜಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು, ಎಲ್ಲರ ಮುಂದೆ, ಎಲ್ಲರಿಗೂ ತಿಳಿಯುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು. "ಯಂತ್ರ ಇಷ್ಟು ವರ್ಷದಿಂದ ಕೆಲಸ ಮಾಡ್ತಿದೆ. ಯಂತ್ರ ಸುಳ್ಳು ಹೇಳಲ್ಲ. ಶಿವಲಿಂಗಮ್ಮ ಬಾಟ್ಲಿ ಚೀಟಿ ಅಂಟಿಸೋವಾಗ ಅದಲುಬದಲು ಮಾಡಿದ್ದಾಳೆ. ಆಗತ್ತೆ. ಒಪ್ಪಿಕೊಂಡು ಮತ್ತೆ ಮೊದಲಿಂದ ಮಾಡು ಅಂತ ಸಮಿತಿಗೆ ನಾನೇ ಹೇಳ್ತೀನಿ."

ಮತ್ತೆ ಮೊದಲಿಂದ! ಮೊದಲಿಂದ ಅಂದರೆ ಏನು ಸಾರು ಕುದಿಸಿದ ಹಾಗೆಯೇ? ಅವಳ ಫೆಲೋಶಿಪ್ ಮುಗಿದಾಗಿತ್ತು. ಅದಕ್ಕಿಂತ ದೊಡ್ಡದು ಹೆಸರು. ಬಾಟ್ಲಿಗೆ ಚೀಟಿ ನೆಟ್ಟಗೆ ಅಂಟಿಸಲು ಬಾರದವಳು ಎಂದು ಒಮ್ಮೆ ಹೆಸರು ಬಿದ್ದರೆ ಕೆಮಿಸ್ಟ್ರಿಯಲ್ಲಿ ಆಮೇಲೆ ಯಾರೂ ಕೈಗೆ ಒಂದು ಬೀಕರನ್ನೂ ಕೊಡುವುದಿಲ್ಲ. ಬಾಟ್ಲಿಯಲ್ಲಿರುವುದು ಯಾವ ಕೈಯದು ಎಂದು ಪೋಲಾರಿಮೀಟರಿನಲ್ಲಿ, ಅಂದರೆ ಹಾದುಹೋಗುವ ಬೆಳಕಿನ ತಿರುವು ತೋರಿಸುವ ಪೆಟ್ಟಿಗೆಯಲ್ಲಿ, ಇಟ್ಟು ನೋಡಿಬಿಡೋಣ ಎಂದರೆ, ಆ ಹಾಳು ಕಡುಗೆಂಪಿನ ಒಳಗೆ ಅದರ ದೀಪ ಹಾಯುತ್ತಲೇ ಇರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

"ಸರ್, ಅವಳು ಅಂಥವಳಲ್ಲ," ಅಂದೆ.

"ನೀನು ನಿನ್ನ ಥೀಸಿಸ್ ಬೈಂಡಿಂಗ್ ನೋಡಿಕೋಮ್ಮಾ," ಅಂದರು ಸರ್, ಮೆತ್ತಗೆ.

ಆಮೇಲಿನ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಯಂತ್ರದ ಸುತ್ತ ಸುಮ್ಮನೆ ಓಡಾಡುವುದು, ತಿರುಪು ಬಿಗಿ ಮಾಡುವುದು, ಸಡಿಲ ಮಾಡುವುದು. ಮನೆಯಲ್ಲಿ ಅಮ್ಮ, "ಏನ್ ಡೀ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಿಯಾ, ಸ್ವಲ್ಪ ಕೂತು ತಿನ್ನು," ಎಂದು ಬೈದಳು. ನಾನು ನಿಂತೇ ಎರಡು ತುತ್ತು ತಿಂದು ಓಡಿದೆ.

ಶಿವಿ ಮೊದಲ ದಿನ, "ನಾನ್ ಬದಲಾಯಿಸಿಲ್ಲ ಕಣೇ," ಅಂದಳು. ಎರಡನೆಯ ದಿನ, "ಬದಲಾಯಿಸಿಲ್ಲ ಅನ್ಸುತ್ತೆ," ಅಂದಳು. ಗುರುವಾರ ಬೆಳಿಗ್ಗೆ ಬಂದು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು.

"ಕ್ವಾಣೆ ಬೀಗ ಹಾಕಿದ್ನೋ ಇಲ್ವೋ ಅಂತ ಬಸ್‌ಸ್ಟಾಪಿನಿಂದ ವಾಪಸ್ ಹೋದೆ ಕಣೇ. ಹಾಕಿತ್ತು. ಮತ್ತೆ ಬಂದೆ. ಮತ್ತೆ ಹೋದೆ. ನನ್ ಕೈ ಮ್ಯಾಲೆ ನಂಗೇ ನಂಬ್ಕೆ ಇಲ್ಲ. ಬಾಟ್ಲಿನೂ ನಾನೇ ಬದಲಾಯಿಸಿರ್ಬೋದು."

"ಚುಮ್ಮಾ ಇರು ಡೀ!" ಎಂದು ಕಿರುಚಿದೆ. "ಯಾರೋ ಹೇಳಿದ್ರು ಅಂತ ನೀನೇ ನಿನ್ ಮೇಲೆ ಕಂಪ್ಲೇಂಟ್ ಕೊಡ್ತಿಯಾ?"

"ಯಾರೋ ಅಲ್ಲ. ಸರ್ ಹೇಳಿದ್ದು. ಮಳವಳ್ಳಿಯಿಂದ ಬಂದಾಗ ಇಂಗ್ಲಿಷ್‌ನಲ್ಲಿ ಒಂದ್ ಪ್ರಶ್ನೆ ಕೇಳಕ್ಕೆ ಬರ್ತಿರ್ಲಿಲ್ಲ ನಂಗೆ. ಅವ್ರು ಕನ್ನಡದಲ್ಲಿ ಪಾಠ ಹೇಳ್ಕೊಟ್ರು. ಅವ್ರು ಸುಳ್ಳು ಹೇಳ್ತಾರಾ?"

ಅಯ್ಯೋ ಪಾಪ ಎಂದು ಅಪ್ಪಿಕೊಳ್ಳೋಣ ಅನ್ನಿಸಿತು, ಕಪಾಳಕ್ಕೆ ಒಂದು ಬಿಡೋಣ ಅಂತಲೂ ಅನ್ನಿಸಿತು.

ಅವತ್ತು ಮಧ್ಯಾಹ್ನ ಕರೆಂಟು ಹೋಯಿತು. ಏಸಿ ನಿಂತಿತು, ಯಂತ್ರ ನಿಂತಿತು. ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಒಂದು ಟೇಬಲ್ ಫ್ಯಾನ್. ಅದೂ ನಿಧಾನಕ್ಕೆ ತಿರುಗುತ್ತ ನಿಲ್ಲುತ್ತಿತ್ತು. ನಾನು ಮುಂದೆ ಕೂತು ಬೆವರು ಒರೆಸಿಕೊಳ್ಳುತ್ತ, ಮಾಡಲು ಬೇರೆ ಕೆಲಸವಿಲ್ಲದೆ ಅದನ್ನೇ ನೋಡುತ್ತಿದ್ದೆ.

"ಈ ಶನಿ ಫ್ಯಾನ್ ಕೂಡ ಪ್ರದಕ್ಷಿಣೆ ಹಾಕ್ತಾ ಇದೆ ನೋಡು. ಇದಕ್ಕಾದ್ರೂ ಪುಣ್ಯ ಬರತ್ತೆ," ಅಂದೆ.

ಫ್ಯಾನಿನ ಹಿಂದೆ ಕೂತಿದ್ದ ಶಿವಿ ತಲೆ ಎತ್ತಿದಳು. "ಅಪ್ರದಕ್ಷಿಣೆ ಕಣೇ. ಸರಿಯಾಗ್ ನೋಡು."

"ನಿನಗೆ ನಿಜವಾಗ್ಲೂ ತಲೆ ಕೆಟ್ಟಿದೆ..." ಎಂದು ಬಾಯಿ ತೆರೆದವಳು ಅಲ್ಲಿಗೇ ತಡೆದೆ. ಎದ್ದು ಹೋಗಿ ಅವಳ ಪಕ್ಕ ನಿಂತು ನೋಡಿದೆ. ಮತ್ತೆ ಮುಂದೆ ಬಂದು ನೋಡಿದೆ. ಅಷ್ಟರಲ್ಲಿ ಫ್ಯಾನು ನಿಂತಿತು. ಬೆರಳಿನಿಂದ ತಿರುಗಿಸಿ ಮತ್ತೆ ನೋಡಿದೆ. ಮುಂದಿನಿಂದ ಪ್ರದಕ್ಷಿಣೆ, ಹಿಂದಿನಿಂದ ಅಪ್ರದಕ್ಷಿಣೆ.

ಯಂತ್ರಕ್ಕೆ ಯಾವುದು ಪ್ರದಕ್ಷಿಣೆ, ಯಾವುದು ಅಲ್ಲ ಎಂದು ಕಲಿಸಿದ ದಿನ ನಾನು ಅಲ್ಲಿದ್ದೆ. ದೀಪ ಹಚ್ಚಿ, ಬೆಳಕಿನ ಎದುರು ನಿಂತಿದ್ದೆ. ಸರ್ ಗದರಿದ್ದರು. "ದೀಪಕ್ಕೆ ಅಡ್ಡ ನಿಲ್ಲಬಾರದಮ್ಮಾ, ಈ ಕಡೆ ಬಾ." ನಮ್ಮ ಮನೆಯಲ್ಲಿ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳಲ್ಲ, ನಾನು ಎರಡು ಮಾತಿಲ್ಲದೆ ದೀಪದ ಹಿಂದಕ್ಕೆ ಹೋಗಿ ಅವರ ಪಕ್ಕ ನಿಂತೆ. ಅಲ್ಲಿಂದ ಮುಂದಕ್ಕೆ ನೋಡುತ್ತ, ಆರತಿ ಎತ್ತುವ ಹಾಗೆ ಬೆರಳಿನಲ್ಲಿ ಗಾಳಿಯೊಳಗೆ ಸುತ್ತು ಬರೆದು, "ಹೀಗೆ ಸುತ್ತಿದರೆ ಪ್ರದಕ್ಷಿಣೆ, ಗೆರೆ ಮೇಲೆ," ಅಂದರು. ಸ್ವಿಚ್ಚಿನ ಎರಡು ಕಡೆ ಕನ್ನಡದಲ್ಲಿ ಬರೆದು ಅಂಟಿಸಿದರು. ಹೊರದೇಶದವರ ಪುಸ್ತಕದಲ್ಲಿ ಬೆಳಕಿಗೆ ಮುಖ ಕೊಟ್ಟು, ಅದು ನಮ್ಮ ಕಡೆ ಬರುವುದನ್ನು ನೋಡಿ ಹೇಳುತ್ತಾರೆ. ಅವರಿಗೆ ದೀಪಕ್ಕೆ ಅಡ್ಡ ನಿಂತರೆ ಪಾಪವಿಲ್ಲ. ನಾವು ಹಿಂದಿನಿಂದ ನೋಡಿದೆವು. ಅಂದರೆ ಅಂದಿನಿಂದ ಇಂದಿನವರೆಗೆ ಆ ಯಂತ್ರ ಅಳೆದದ್ದೆಲ್ಲ ತಲೆಕೆಳಗು.

"ಶಿವಿ," ಅಂದೆ, "ನಿನ್ನ ಬಾಟ್ಲಿ ಸರಿಯಾಗೇ ಇದೆ."

ಅವಳು ನಂಬಲಿಲ್ಲ. ನಂಬುವ ಸ್ಥಿತಿಯಲ್ಲಿ ಇರಲಿಲ್ಲ. "ನನ್ನ ಮನಸ್ ಸಮಾಧಾನಕ್ ಹೇಳ್ಬೇಡ. ಮಾಡಿ ತೋರ್ಸು," ಅಂದಳು. ಅದು ನ್ಯಾಯವೇ.

ಮಾಡಿ ತೋರಿಸಲು ಎಲ್ಲ ದೇಶದವರೂ ಅಳೆದು ಒಪ್ಪಿಕೊಂಡ ಒಂದು ಪದಾರ್ಥ ಬೇಕು. ಅಂಥದ್ದೊಂದು ಇದೆ, ಕರ್ಪೂರದಿಂದ ಮಾಡುವ ಹಳದಿ ಹರಳು. ಮರದಿಂದ ಬಂದ ಕರ್ಪೂರ ಒಂದೇ ಕೈಯದಾಗಿರುತ್ತದೆ, ಅದರ ಹರಳಿನ ಬೆಳಕು ಯಾವ ಕಡೆ ಸುತ್ತುತ್ತದೆ ಎಂದು ಪುಸ್ತಕದಲ್ಲಿದೆ. ತರಿಸಲು ಆರ್ಡರ್ ಹಾಕಿದರೆ ತಿಂಗಳಾಗುತ್ತದೆ. ಪಕ್ಕದ ಲ್ಯಾಬುಗಳಲ್ಲಿ ಕೇಳಿದರೆ ಕರ್ಪೂರ ಸಿಗುವ ಮೊದಲು ಸುದ್ದಿ ಹರಡುತ್ತದೆ. ನಾನು ಮಾಂಬಲಂನ ಅಂಗಡಿಗೆ ಓಡಿ ಪಚ್ಚಕರ್ಪೂರ ತಂದೆ. ಶಿವಿ ಅದನ್ನು ಕರಗಿಸಿ ಪೋಲಾರಿಮೀಟರಿನಲ್ಲಿ ಇಟ್ಟಳು. ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ.

"ಇದು ಮರದ್ದಲ್ಲ, ಫ್ಯಾಕ್ಟ್ರೀದು," ಅಂದಳು. "ಎರಡೂ ಕೈಯದು ಅರ್ಧ ಅರ್ಧ ಬೆರೆತೈತೆ. ನಿಮ್ ದೇವ್ರಿಗೆ ದಿನಾ ಇದ್ನೇ ಹಾಕ್ತೀರಾ?"

ಬಹಳ ದಿನದ ಮೇಲೆ ಅವಳು ನನ್ನನ್ನು ಚುಡಾಯಿಸಿದ್ದು. ನನಗೆ ಅಳು ಬಂತು.

ಅಸಲಿ ಕರ್ಪೂರ ಯಾರ ಮನೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಸರ್ ಒಮ್ಮೆ ಜಪಾನಿಗೆ ಕಾನ್ಫರೆನ್ಸಿಗೆ ಹೋದಾಗ ಮರದಿಂದ ತೆಗೆದ ಕರ್ಪೂರವನ್ನು ಡಬ್ಬಿ ತುಂಬ ತಂದಿದ್ದರು. ಅವರ ಮನೆಯ ತೀರ್ಥಕ್ಕೆ ಬೇರೆಯದನ್ನು ಹಾಕುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೇನ್ ಹತ್ತಿ ಪಲ್ಲಾವರಂನಲ್ಲಿ ಇಳಿದೆ. ಅವತ್ತೇ ಅಲ್ಲಿಯ ಸಂತೆ. ಹಳೆ ಟಿವಿ, ಕೋಳಿಮರಿ, ಹೂವಿನ ಸಸಿ, ಜನ, ಜನ. ನುಗ್ಗಿಕೊಂಡು ಸರ್ ಮನೆ ಮುಟ್ಟುವ ಹೊತ್ತಿಗೆ ನನ್ನ ಚಪ್ಪಲಿಯ ಪಟ್ಟಿ ಕಿತ್ತಿತ್ತು, ಸಿಟ್ಟು ನೆತ್ತಿಗೇರಿತ್ತು.

ಬಾಗಿಲು ತೆಗೆದದ್ದು ಸರ್ ಹೆಂಡತಿ ಚಂದ್ರಮತಿ ಮಾಮಿ. "ವಾ ಅಕ್ಷಯಾ, ಇದೇನ್ ಮುಖ ಹಿಂಗ್ ಆಗಿದೆ, ಈ ಉರಿ ವೆಯಿಲ್‌ನಲ್ಲಿ ನಡ್ಕೊಂಡ್ ಬಂದ್ಯಾ? ಮೊದ್ಲು ಮಜ್ಜಿಗೆ ಕುಡಿ," ಅಂದರು.

"ಮಾಮಿ, ನನಗೆ ಜಪಾನ್ ಕರ್ಪೂರ ಸ್ವಲ್ಪ ಬೇಕು."

"ಯಾಕೆ, ಮನೇಲಿ ಏನಾದ್ರೂ ಪೂಜೇನಾ?"

"ಯಾಕಮ್ಮಾ?" ಎಂದು ಒಳಗಿನಿಂದ ಸರ್ ಬಂದರು. ಆಗಷ್ಟೇ ಪೂಜೆ ಮುಗಿಸಿದ್ದರು, ಹಣೆಯ ಗೋಪೀಚಂದನ ಇನ್ನೂ ಹಸಿಯಾಗಿತ್ತು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವರ ಹಾಲಿನಲ್ಲಿ ಒಂದು ಫ್ಯಾನ್ ತಿರುಗುತ್ತಿತ್ತು. ಅದನ್ನು ತೋರಿಸಿ, ದೀಪದ ಮುಂದೆ, ದೀಪದ ಹಿಂದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಸರ್ ಬಲಗೈಯ ಬೆರಳು ತಾನಾಗಿ ಗಾಳಿಯಲ್ಲಿ ಒಂದು ಸುತ್ತು ಬರೆಯಿತು, ಅರ್ಧಕ್ಕೆ ನಿಂತಿತು. ಅವರಿಗೆ ಆಗಲೇ ಅರ್ಥವಾಗಿದೆ ಎಂದು ನನಗೆ ತಿಳಿಯಿತು.

"ಇದು ನಿಜವಾದರೆ," ಎಂದು ನಿಧಾನವಾಗಿ ಹೇಳಿದರು, "ನಾವು ಪ್ರಿಂಟ್ ಮಾಡಿರೋದೆಲ್ಲ ಉಲ್ಟಾ. ನಿನ್ನ ಥೀಸಿಸ್‌ನಲ್ಲಿರೋ ಒಂದೊಂದು ಗೆರೇನೂ ಉಲ್ಟಾ. ಅದನ್ನ ಯೋಚನೆ ಮಾಡಿದ್ದೀಯಾ?"

ಮಾಡಿರಲಿಲ್ಲ. ದೇವರಾಣೆ ಮಾಡಿರಲಿಲ್ಲ. ಶಿವಿ, ಶಿವಿ ಎಂದು ಕುಣಿಯುತ್ತ ಬಂದವಳಿಗೆ ಬೈಂಡಿಂಗಿಗೆ ಕೊಟ್ಟ ನನ್ನ ಥೀಸಿಸ್ ಆಗ ನೆನಪಾಯಿತು. ಅದರ ಚಿನ್ನದ ಅಕ್ಷರ ನೋಡಬೇಕೆಂದು ಅಪ್ಪ ದಿನಾ ಕೇಳುತ್ತಿದ್ದರು. ಮಜ್ಜಿಗೆ ಲೋಟ ಕೆಳಗಿಟ್ಟೆ. ಸುಮ್ಮನಿದ್ದುಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ಒಂದು ಕ್ಷಣ ಮನಸ್ಸಿಗೆ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಬೀಗ ನೋಡಲು ಬಸ್‌ಸ್ಟಾಪಿನಿಂದ ಎರಡೆರಡು ಸಲ ವಾಪಸ್ ಹೋದವಳ ಮುಖ ಕಣ್ಣೆದುರು ನಿಂತಿತು.

"ಹಾಳಾಗಿ ಹೋಗಲಿ ಸರ್. ಕರ್ಪೂರ ಕೊಡಿ," ಅಂದೆ.

ಸರ್ ದೇವರ ಮನೆಗೆ ಹೋಗಿ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. "ತಗೊಂಡು ಹೋಗು. ಅದು ಏನು ಹೇಳುತ್ತೋ ಹೇಳಲಿ." ಮಾಮಿ ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು.

ಈ ಸಲ ಪೋಲಾರಿಮೀಟರಿನ ಮುಳ್ಳು ಚೆನ್ನಾಗಿಯೇ ತಿರುಗಿತು. ಶನಿವಾರ, ಭಾನುವಾರ ಎರಡೂ ದಿನ ಶಿವಿ ಕರ್ಪೂರವನ್ನು ಕುದಿಸಿದಳು, ಸೋಸಿದಳು, ಹರಳು ಮಾಡಿದಳು. ಬಾಟ್ಲಿಗೆ ಹಾಕುವಾಗ ಮಾತ್ರ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. "ನೀನೇ ಬರಿ. ನಾನ್ ಬರೆಯಲ್ಲ," ಅಂದಳು. ಇದ್ದದ್ದೇ ಒಂದು ಬಾಟ್ಲಿ, ಬದಲಾಗಲು ಇನ್ನೊಂದು ಇರಲಿಲ್ಲ. ಆದರೂ ಬರೆಯಲಿಲ್ಲ. ನಾನು ಬರೆದೆ, ಬರೆಯುತ್ತ ಸರ್‌ನನ್ನು ಮನಸ್ಸಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ.

ಮಂಗಳವಾರ ಬೆಳಿಗ್ಗೆ ಅಳೆಯಲು ಕೂತಾಗ ಸರ್ ತಾವಾಗಿ ಬಂದು ನಮ್ಮ ಹಿಂದೆ ನಿಂತರು. ಗೆರೆ ಬಹಳ ನಿಧಾನ. ಚುಕ್ಕೆ, ಚುಕ್ಕೆ, ಆಮೇಲೆ ಇನ್ನೊಂದು ಚುಕ್ಕೆ. ನನಗೆ ಉಗುರು ಕಚ್ಚುವ ಚಟವಿಲ್ಲ, ಅವತ್ತು ಕಚ್ಚಿದೆ. ಅರ್ಧ ದಾರಿ ಬರುವಷ್ಟರಲ್ಲೇ ಗೊತ್ತಾಯಿತು. ಪುಸ್ತಕದಲ್ಲಿ ಗೆರೆ ಹೋಗುವ ಕಡೆಗೆ ನಮ್ಮದು ಹೋಗಲಿಲ್ಲ. ಕನ್ನಡಿ ಹಿಡಿದ ಹಾಗೆ ಉಲ್ಟಾ ಹೋಯಿತು.

ಶಿವಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸರ್ ಗೆರೆಯನ್ನು ಕೊನೆಯವರೆಗೂ ನೋಡಿದರು. ಸ್ವಿಚ್ಚಿನ ಎರಡೂ ಕಡೆಯ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದರು. "ನಾಳೆ ಸಮಿತಿಗೆ ನಾನು ಹೇಳ್ತೀನಿ," ಎಂದು ಹೊರಟುಹೋದರು. ಶಿವಿಗೆ ಒಂದು ಮಾತು ಹೇಳಿ ಹೋಗಬಹುದಿತ್ತು. ಹೇಳಲಿಲ್ಲ.

ಬುಧವಾರ ಸಮಿತಿ ಕೂತಿತು. ಹೈದರಾಬಾದಿನಿಂದ ಬಂದ ಆ ಪರೀಕ್ಷಕರು ನಡುವೆ, ಡಿಪಾರ್ಟ್‌ಮೆಂಟಿನ ಹಿರಿಯರು ಎರಡೂ ಕಡೆ. ನಾವು ಸ್ಟೂಡೆಂಟುಗಳು ಹಿಂದಿನ ಸಾಲು. ಶಿವಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಒಬ್ಬಳೇ ಮುಂದೆ ಕೂತಿದ್ದಳು. ಸರ್ ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ಯಂತ್ರದಲ್ಲಿ ಒಂದು ಸಣ್ಣ ವ್ಯತ್ಯಾಸ ಇದ್ದದ್ದು ಈಗ ಕಂಡುಬಂದಿದೆ, ಹಳೆಯ ಯಂತ್ರ, ಇಂಥವು ಇರುತ್ತವೆ, ಸರಿಪಡಿಸಲಾಗಿದೆ, ಹೊರದೇಶದವರ ಫಲಿತಾಂಶಕ್ಕೆ ವಿದ್ಯಾರ್ಥಿನಿಯದು ಈಗ ಹೊಂದುತ್ತದೆ, ಪ್ರಿಂಟ್ ಆದವುಗಳಿಗೆ ತಿದ್ದುಪಡಿ ಕಳಿಸಲಾಗುವುದು. ಅಷ್ಟೇ ಹೇಳಿ ಕೂತರು.

ಪರೀಕ್ಷಕರು ತಲೆಯಾಡಿಸಿದರು. "ಒಳ್ಳೆಯದು, ಯಂತ್ರ ಅಂದಮೇಲೆ ಇವೆಲ್ಲ ಇದ್ದದ್ದೇ," ಎಂದು ಇಂಗ್ಲಿಷಿನಲ್ಲಿ ಹೇಳಿ ಪುಟ ತಿರುಗಿಸಿದರು. ಎಲ್ಲರಿಗೂ ನಿರಾಳವಾಯಿತು. ಅಲ್ಲಿಗೆ ಮುಗಿಯಿತು, ಶಿವಿ ಪಾರಾದಳು, ಇನ್ನೇನು ಬೇಕು? ನನಗೆ ಮಾತ್ರ ಕುರ್ಚಿಯಲ್ಲಿ ಮುಳ್ಳಿದ್ದ ಹಾಗೆ ಆಗುತ್ತಿತ್ತು. ಎದ್ದು ಏನಾದರೂ ಹೇಳಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಮುಂದೆ ಶಿವಿ ಎದ್ದು ನಿಂತಳು.

"ಸರ್, ಒಂದ್ ಮಾತು," ಅಂದಳು. ಕನ್ನಡದಲ್ಲೇ. ಪರೀಕ್ಷಕರ ಕಡೆ ನೋಡಲಿಲ್ಲ, ಸರ್‌ನನ್ನೇ ನೋಡುತ್ತಿದ್ದಳು. "ಬಾಟ್ಲಿ ಅದಲುಬದಲಾಗಿದೆ ಅಂದಾಗ ನೀವು ನನ್ನ ಹೆಸರು ಹೇಳುದ್ರಿ. ಪೂರ್ತಿ ಹೆಸರು, ಎಲ್ಲಾರ ಮುಂದೆ. ಈಗ ಯಂತ್ರ ಅಂತೀರ. ಯಂತ್ರ ತಾನಾಗ್ ತಾನೇ ಕಲ್ತಿತಾ ಸರ್? ಈಗ್ಲೂ ಒಂದ್ ಹೆಸರು ಹೇಳಿ."

ಪರೀಕ್ಷಕರು ಸರ್ ಕಡೆ ಬಾಗಿ, ಅವಳು ಏನು ಹೇಳುತ್ತಿದ್ದಾಳೆ ಎಂದು ಕೇಳಿದರು. ಏನಿಲ್ಲ, ಧನ್ಯವಾದ ಹೇಳುತ್ತಿದ್ದಾಳೆ ಎಂದು ಬಿಡಬಹುದಿತ್ತು. ಅಲ್ಲಿ ಕನ್ನಡ ಗೊತ್ತಿದ್ದವರು ನಾವು ಮೂವರೇ. ಸರ್ ಕನ್ನಡಕ ತೆಗೆದರು, ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಎದ್ದು ನಿಂತರು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು, ಬಾಟ್ಲಿ, ಹೆಸರು, ಎಲ್ಲರ ಮುಂದೆ, ಎಲ್ಲವನ್ನೂ.

ಆಮೇಲೆ ಶಿವಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಆ ಹೆಸರು ವಿಷ್ಣುತೀರ್ಥ. ಯಂತ್ರಕ್ಕೆ ತಪ್ಪು ಹೇಳಿಕೊಟ್ಟವನು ನಾನು. ನಿನ್ನ ಕೈ ತಪ್ಪಿಲ್ಲಮ್ಮಾ, ಶಿವಲಿಂಗಮ್ಮ."

ಅದನ್ನೂ ಅವರೇ ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ನಾಚಿಕೆ ಬಿಟ್ಟು ಅಳುತ್ತಿದ್ದೆ. ಶಿವಿ ಅಳಲಿಲ್ಲ, ಥ್ಯಾಂಕ್ಸ್ ಅಂತಲೂ ಅನ್ನಲಿಲ್ಲ. ತನ್ನ ಎರಡು ಕೈಗಳನ್ನು ಮೇಜಿನ ಮೇಲಿಟ್ಟು ಒಂದು ಗಳಿಗೆ ನೋಡಿಕೊಂಡಳು, ಕುರ್ಚಿ ಎಳೆದುಕೊಂಡು ಕೂತಳು, "ಈಗ ನಿಮ್ಮ ಪ್ರಶ್ನೆ ಕೇಳಿ ಸರ್," ಎಂದು ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಹೇಳಿದಳು.